ತೋಟ ಅಡವಿಡಬೇಡಿ, ತಂಗೀ

(ಹೊಸನಗರ ತಾಲ್ಲೂಕಿನ ತಾಯಿಯೊಬ್ಬರು ಕಳೆದ ವಾರ ಬರೆದಿದ್ದರು: ಮಗಳು ದ್ವಿತೀಯ ಪಿಯುಸಿ, ಪಿಸಿಎಂಬಿ. ಮುಂದೆ ಎಂಜಿನಿಯರಿಂಗ್ ಅನ್ನುತ್ತಿದ್ದಾಳೆ. ಎಲೆಚುಕ್ಕಿ ರೋಗ ಬಂದು ಅಡಿಕೆ ಫಸಲು ಅರ್ಧಕ್ಕಿಳಿದಿದೆ. ತೋಟ ಅಡವಿಡುವುದೋ, ಅಡಿಕೆ ಮಂಡಿಯ ವರ್ತಕರಿಂದ ಮುಂಗಡ ತರುವುದೋ? ಮೂವರು ಓದುಗರ ಉತ್ತರ ಇಲ್ಲಿದೆ.)

ತಂಗೀ, ಎರಡೂ ಬೇಡ. ನಾನು ಮಂಡಿ ಮುಂಗಡ ತಂದು ಅನುಭವಿಸಿದವನು. ನಮಗೆ ಅಡಿಕೆ ದುಡ್ಡು ಕಾಣುವುದು ಕೊಯ್ಲು, ಸುಲಿಯೋದು, ಬೇಯಿಸೋದು, ಒಣಗಿಸೋದು ಎಲ್ಲ ಮುಗಿದು ಸಂಕ್ರಾಂತಿ ಕಳೆದ ಮೇಲೆ. ಕಾಲೇಜಿನವರು ಫೀಸು ಕೇಳುವುದು ಜಡಿಮಳೆ ಹೊತ್ತಿಗೆ. ಆ ಆರು ತಿಂಗಳ ಅಂತರ ತುಂಬಲು ಮುಂಗಡ ತಂದೆ. ಆಮೇಲೆ ಮಾಲು ಅವರಿಗೇ ಹಾಕಬೇಕಾಯಿತು. ದರ ಏರುತ್ತಿದ್ದರೂ ಚೀಲ ಮನೆಯಲ್ಲಿಟ್ಟು ಕಾಯುವ ಹಾಗಿರಲಿಲ್ಲ.

ಎರಡನೇ ವರ್ಷ ಶಿಕ್ಷಣ ಸಾಲಕ್ಕೆ ಹೋದೆ. ಬ್ಯಾಂಕಿನಲ್ಲಿ ಮೊದಲು ಕೇಳಿದ್ದೇ ತೋಟದ ಪಹಣಿ! ನೀವು ಕೊಡಬೇಕಿಲ್ಲ. 4 ಲಕ್ಷದವರೆಗೆ ಅಡಮಾನವೂ ಬೇಡ, ಕೈಯಿಂದ ಪಾಲು ಹಾಕುವುದೂ ಬೇಡ. 7.5 ಲಕ್ಷದವರೆಗೆ ಅಡಮಾನದ ಬದಲು ಸರ್ಕಾರದ ಖಾತರಿ ಯೋಜನೆ ಇದೆ. ಸಾಲ ಮಗಳ ಹೆಸರಲ್ಲಿ, ನೀವು ಜೊತೆಗೆ ಸಹಿ ಹಾಕುತ್ತೀರಿ, ಕಂತು ಶುರುವಾಗುವುದು ಓದು ಮುಗಿದು ಒಂದು ವರ್ಷಕ್ಕೆ. ಮನೆಯ ಆದಾಯ 4.5 ಲಕ್ಷದೊಳಗಿದ್ದು, ಕಾಲೇಜಿಗೆ ನ್ಯಾಕ್ ಅಥವಾ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇದ್ದರೆ ಅಲ್ಲಿಯವರೆಗಿನ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆಯೂ ಇದೆ. ಅರ್ಜಿಯನ್ನು ಶಿಕ್ಷಣ ಸಾಲಕ್ಕೆಂದೇ ಇರುವ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲೇ ಹಾಕಿ. ಬಾಯಿಮಾತಲ್ಲಿ ‘ಆಗಲ್ಲ ಹೋಗಿ’ ಅನ್ನಿಸಿಕೊಂಡು ಬರಬೇಡಿ, ಅರ್ಜಿ ಹಾಕಿದ್ದಕ್ಕೆ ದಾಖಲೆ ಇರಲಿ.

ಇನ್ನೊಂದು. ಸಿಇಟಿ ಅರ್ಜಿಯಲ್ಲಿ ಎಸ್‌ಎನ್‌ಕ್ಯೂ ಕೇಳುವುದನ್ನು ಮರೆಯಬೇಡಿ. ಆದಾಯ 8 ಲಕ್ಷದೊಳಗಿನವರಿಗೆ ಬೋಧನಾ ಶುಲ್ಕ ಮಾಫಿಯಾಗುವ ಸೀಟುಗಳವು.
– ಅಡಿಕೆ ಬೆಳೆಗಾರ, ತೀರ್ಥಹಳ್ಳಿ

ಅಕ್ಕಾ, ಸಾಲದ ಮಾತು ಆಮೇಲೆ, ಮೊದಲು ಸರ್ಟಿಫಿಕೇಟು. ಮಗಳು ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲೇ ಓದಿದ್ದರೆ ಗ್ರಾಮೀಣ ಮೀಸಲಾತಿ 15%, ಕನ್ನಡ ಮಾಧ್ಯಮವಾಗಿದ್ದರೆ 5%. ವ್ಯಾಸಂಗ ಪ್ರಮಾಣಪತ್ರದ ಕೆಲಸಕ್ಕೆ ಈಗಲೇ ಹಳೇ ಶಾಲೆಗೆ ಹೋಗಿ, ಹೆಡ್‌ಮಾಸ್ಟರು ವರ್ಗವಾಗುವ ಮುಂಚೆ. ಜಾತಿ, ಆದಾಯದ ಪತ್ರಕ್ಕೆ ನಾಡಕಚೇರಿಗೂ ಬೇಸಿಗೆಯಲ್ಲೇ ಹೋಗಿಬಿಡಿ. ಆಷಾಢದಲ್ಲಿ ನಮ್ಮ ಕಡೆ ಕರೆಂಟು, ಸರ್ವರ್ ಎರಡೂ ಒಟ್ಟಿಗೆ ಇದ್ದ ದಿನ ಕಡಿಮೆ.

ನನ್ನ ಮಗನಿಗೆ ಒಂದು ವರ್ಷ ಪೂರ್ತಿ ವಿದ್ಯಾರ್ಥಿವೇತನ ಬರಲಿಲ್ಲ. ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ. ಅದು ಸರಿಯಾಗುವ ಹೊತ್ತಿಗೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ (ಸೀಡಿಂಗ್) ಆಗಿಲ್ಲ ಅಂದರು. ಆ ವರ್ಷ ಅವನು ಹಾಸ್ಟೆಲ್ ಫೀಸಿಗೆ ಅಂತ ರಜೆಯಲ್ಲಿ ಮೆಡಿಕಲ್ ಶಾಪಿನಲ್ಲಿ ನಿಂತ. ನನಗೆ ಈಗಲೂ ಅದು ಹೊಟ್ಟೆಯಲ್ಲಿ ಉರಿಯುತ್ತದೆ. ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ಗೆ ಹೋಗುವ ಮೊದಲು ಎರಡೂ ಕಾರ್ಡು ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ.
– ಅಂಗನವಾಡಿ ಕಾರ್ಯಕರ್ತೆ, ಸಾಗರ

ಅಮ್ಮಾ, ನಿಮ್ಮ ಮಗಳು ಪಿಸಿಎಂಬಿ ಅಂದಿರಲ್ಲ, ಗಣಿತದ ಜೊತೆ ಜೀವಶಾಸ್ತ್ರವೂ ಇರುವುದರಿಂದ ಬಿ.ಎಸ್ಸಿ. ಕೃಷಿಯ ಬಾಗಿಲೂ ತೆರೆದಿದೆ. ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯ ನಿಮಗೆ ಹತ್ತಿರವೇ. ಸೀಟು ಸಿಇಟಿ ಮೂಲಕ, ರೈತರ ಮಕ್ಕಳಿಗೆ ಕೃಷಿಕರ ಕೋಟಾ ಇದೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಬೇರೆ: ಬೀಜ, ಗೊಬ್ಬರ, ಸಲಕರಣೆ ಗುರುತಿಸಬೇಕು. ಎಂಜಿನಿಯರಿಂಗ್ ಬೇಡ ಅನ್ನುತ್ತಿಲ್ಲ, ಅವಳನ್ನೊಮ್ಮೆ ಕೇಳಿ ನೋಡಿ. ನನ್ನ ಪರೀಕ್ಷೆಯ ಹಿಂದಿನ ಸಂಜೆ ಅಪ್ಪ ಜಗಲಿಯಲ್ಲಿ ಗೆರಸೆ ತುಂಬ ಬೀಜ ಹರಡಿಕೊಂಡು, ನನ್ನ ಕಣ್ಣು ಮುಚ್ಚಿಸಿ, ಒಂದೊಂದನ್ನೇ ಅಂಗೈಗೆ ಹಾಕಿ ಹೆಸರು ಹೇಳಿಸಿದ್ದರು.
– ಕೃಷಿ ಪದವಿ ವಿದ್ಯಾರ್ಥಿನಿ, ಶಿವಮೊಗ್ಗ