ಟ್ಯಾಂಕ್ ಪಕ್ಕದ ಖಾಲಿ ಸೈಟಿನಲ್ಲಿ ಸೊಪ್ಪು ಬೆಳೆಯೋಣವೇ?

4ನೇ ಕ್ರಾಸ್, ಮೂಲೆ ಮನೆ:
ಎಲ್ಲರಿಗೂ ನಮಸ್ಕಾರ. ನೀರಿನ ಟ್ಯಾಂಕ್ ಪಕ್ಕದ ಸೈಟಿನಲ್ಲಿ ಮತ್ತೆ ಕಾಂಗ್ರೆಸ್ ಗಿಡ ಸೊಂಟದವರೆಗೆ ಬೆಳೆದಿದೆ. ಹೂ ಬಿಟ್ಟರೆ ಅಕ್ಕಪಕ್ಕದವರಿಗೆ ಸೀನು, ಮೈ ತುರಿಕೆ, ಉಬ್ಬಸ ಎಲ್ಲ ಶುರು. ರಾತ್ರಿ ಹೊತ್ತು ಕಸದ ಕವರ್ ಬೇರೆ ಎಸೆದು ಹೋಗುತ್ತಾರೆ. ನಾವೇ ಕಿತ್ತು ಕ್ಲೀನ್ ಮಾಡಿ ಸೊಪ್ಪು, ತರಕಾರಿ ಹಾಕೋಣ ಅಂತ ನನ್ನ ಆಸೆ. ಯಾರ್ಯಾರು ಬರುತ್ತೀರಿ?

ಎದುರು ಸಾಲಿನ ಮನೆ:
ನಾನು ಬರುತ್ತೇನೆ ಮೇಡಂ. ಸುತ್ತ ತಂತಿ ಬೇಲಿ ಹಾಕಿ ಎರಡು ಹಲಸು, ಒಂದು ನೇರಳೆ ನೆಟ್ಟರೆ ಕಸ ಎಸೆಯುವುದೂ ನಿಲ್ಲುತ್ತದೆ ಅಲ್ವಾ?

2ನೇ ಕ್ರಾಸ್, ವಕೀಲರ ಮನೆ:
ಸರ್, ದಯವಿಟ್ಟು ಬೇಲಿ ಬೇಡ, ಮರವೂ ಬೇಡ. 1963ರ ಕಾಲಮಿತಿ ಕಾಯ್ದೆ ಪ್ರಕಾರ, ಖಾಸಗಿ ಜಾಗವನ್ನು ಮಾಲೀಕರಿಗೆ ವಿರುದ್ಧವಾಗಿ, ಎಲ್ಲರಿಗೂ ಕಾಣುವಂತೆ, 12 ವರ್ಷ ಬಿಡದೆ ವಶದಲ್ಲಿ ಇಟ್ಟುಕೊಂಡವರು ಅದರ ಮೇಲೆ ಹಕ್ಕು ಕೇಳಬಹುದು. ಸರ್ಕಾರಿ ಜಾಗಕ್ಕೆ 30 ವರ್ಷ. ಸೈಟು ಖಾಲಿ ಬಿಟ್ಟವರಿಗೆ ಇದೇ ಭಯ. ಬೇಲಿ ಕಂಡ ತಕ್ಷಣ ಜೆಸಿಬಿ ಕರೆಸುತ್ತಾರೆ, ನಮ್ಮ ಶ್ರಮವೆಲ್ಲ ಮಣ್ಣುಪಾಲು. ಮರ ಇನ್ನೊಂದು ತಲೆನೋವು. ದೊಡ್ಡದಾದ ಮೇಲೆ ಕಡಿಯಬೇಕು ಅಂದರೆ ಎಷ್ಟೋ ಜಾತಿಗಳಿಗೆ ವೃಕ್ಷ ಅಧಿಕಾರಿಯ ಅನುಮತಿ ಬೇಕು, 1976ರಿಂದಲೂ ಕಾನೂನು ಇದೆ. ನಾಳೆ ಮನೆ ಕಟ್ಟಬೇಕಾದ ಮಾಲೀಕರು ಅದಕ್ಕೆ ಯಾಕೆ ಒಪ್ಪುತ್ತಾರೆ?

ಅವರ ಅನುಮತಿಯಿಂದಲೇ ಬಳಸುತ್ತಿದ್ದೇವೆ, ಹಕ್ಕು ಕೇಳುವುದಿಲ್ಲ, ಹೇಳಿದಾಗ ಬಿಟ್ಟುಕೊಡುತ್ತೇವೆ ಅಂತ ಒಂದು ಪತ್ರ ಬರೆದು ಎರಡೂ ಕಡೆಯವರು ಸಹಿ ಹಾಕಿದರೆ ಅವರಿಗೂ ಧೈರ್ಯ, ನಮಗೂ ನೆಮ್ಮದಿ. ಪತ್ರ ನಾನು ಬರೆದುಕೊಡುತ್ತೇನೆ.

4ನೇ ಕ್ರಾಸ್, ಮೂಲೆ ಮನೆ:
ತುಂಬಾ ಥ್ಯಾಂಕ್ಸ್ ಸರ್. ಆದರೆ ಮಾಲೀಕರು ಯಾರು ಅಂತಲೇ ಗೊತ್ತಿಲ್ಲವಲ್ಲ?

2ನೇ ಕ್ರಾಸ್, ವಕೀಲರ ಮನೆ:
ಸೈಟ್ ನಂಬರ್ ಕೊಡಿ, ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇಸಿ (ಆ ಜಾಗದ ನೋಂದಾಯಿತ ವ್ಯವಹಾರಗಳ ಪಟ್ಟಿ) ತೆಗೆಸಿ ನೋಡುತ್ತೇನೆ.

1ನೇ ಕ್ರಾಸ್, ಮಹಡಿ ಮನೆ:
ನಮ್ಮದು ರೈತರ ಮನೆ, ಅದಕ್ಕೇ ಹೇಳುತ್ತಿದ್ದೇನೆ. ಅಲ್ಲಿರುವುದು ಮಣ್ಣಲ್ಲ, ಒಡೆದ ಮನೆಗಳ ಇಟ್ಟಿಗೆ, ಸಿಮೆಂಟು, ಗಾಜಿನ ಚೂರು. ಹಳೇ ಬಣ್ಣ, ಬ್ಯಾಟರಿ ಸೇರಿದ್ದರೆ ಸೀಸವೂ ಇರಬಹುದು, ತಿನ್ನುವ ಸೊಪ್ಪನ್ನು ನೇರವಾಗಿ ಅದರಲ್ಲಿ ಬೆಳೆಯಬಾರದು. ಗ್ರೋ ಬ್ಯಾಗ್‌ನಲ್ಲಿ ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ ಹರಿವೆ, ಮೆಂತ್ಯ, ದಂಟು ಹಾಕೋಣ. ಹರಿವೆ, ಮೆಂತ್ಯ ತಿಂಗಳೊಳಗೆ ಕೈಗೆ ಬರುತ್ತವೆ. ಜಾಗ ಬಿಡಿ ಅಂದರೆ ಬ್ಯಾಗ್ ಎತ್ತಿಕೊಂಡು ಬರಬಹುದು.

ಕಾಂಗ್ರೆಸ್ ಗಿಡವನ್ನು ಮಾತ್ರ ಹೂ ಬಿಡುವ ಮೊದಲೇ, ಮಳೆ ಬಂದು ನೆಲ ಮೆತ್ತಗಿರುವಾಗ ಬೇರು ಸಮೇತ ಕೀಳಬೇಕು. ಗ್ಲೌಸ್, ಮಾಸ್ಕ್, ತುಂಬುತೋಳಿನ ಅಂಗಿ ಇಲ್ಲದೆ ಯಾರೂ ಇಳಿಯಬೇಡಿ. ಅಲರ್ಜಿ ಇರುವವರು, ಮಕ್ಕಳು ದೂರ ಇರಲಿ.

ಎದುರು ಸಾಲಿನ ಮನೆ:
ಸರಿ, ಬೇಲಿ ಬೇಡ. ಮಾಲೀಕರು ಒಪ್ಪಿದರೆ ನೀರಿಗೆ ನಮ್ಮ ಮನೆ ಪೈಪ್ ಇದೆ. ಗ್ಲೌಸ್ ಯಾರ ಹತ್ತಿರ ಇದೆ?