ಮಳೆಗಾಲ ಶುರುವಾದಾಗಿನಿಂದ ಎಲೆಕ್ಟ್ರೋಡ್ ಕೋಟಿಂಗ್ ಬಿರಿಯುತ್ತಿದೆ, ಏನು ಮಾಡಲಿ?

ಭೋಸರಿ ಹುಡುಗ:

ಎಲ್ಲರಿಗೂ ನಮಸ್ಕಾರ. ಊರು ರಾಣೆಬೆನ್ನೂರು, ಈಗ ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಚಿಕ್ಕ ಯೂನಿಟ್‌ನಲ್ಲಿ, ಹೈಡ್ರೋಜನ್‌ನಿಂದ ಕರೆಂಟ್ ಮಾಡುವ ಫ್ಯೂಯಲ್ ಸೆಲ್‌ನ ಎಲೆಕ್ಟ್ರೋಡ್ ಮಾಡುವ ಕೆಲಸ. 2022ರಲ್ಲಿ ಪುಣೆಯ ಕೆಪಿಐಟಿ ಕಂಪನಿ ಮತ್ತು ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ಸೇರಿ ಇಲ್ಲಿ ಹೈಡ್ರೋಜನ್ ಬಸ್ ತೋರಿಸಿದಾಗ ನಾನಿನ್ನೂ ಕಾಲೇಜಿನಲ್ಲಿದ್ದೆ, ಆ ಸುದ್ದಿ ಓದಿಯೇ ಈ ಲೈನಿಗೆ ಬಂದದ್ದು.

ವಿಷಯ ಇಷ್ಟು. ಪ್ಲಾಟಿನಂ-ಕಾರ್ಬನ್ ಪುಡಿ, ನಾಫಿಯಾನ್ (ಪ್ರೋಟಾನ್ ಸಾಗಿಸುವ ಪ್ಲಾಸ್ಟಿಕ್) ದ್ರಾವಣ, ನೀರು, ಐಪಿಎ (ಐಸೋಪ್ರೊಪೈಲ್ ಆಲ್ಕೋಹಾಲ್) ಸೇರಿಸಿ ಇಂಕ್ ಮಾಡಿ, ಕಾರ್ಬನ್ ಪೇಪರ್ ಮೇಲೆ ಡಾಕ್ಟರ್ ಬ್ಲೇಡಿನಿಂದ (ಸಮನಾಗಿ ಬಳಿಯುವ ಪಟ್ಟಿ) ಎಳೆಯುತ್ತೇವೆ. ಆಮೇಲೆ ಸೀದಾ 80 ಡಿಗ್ರಿ ಓವನ್‌ಗೆ. ಏಪ್ರಿಲ್‌ವರೆಗೆ ಚೆನ್ನಾಗಿ ಬರುತ್ತಿತ್ತು. ಜೂನ್ ಕೊನೆಯಿಂದ ಒಣಗಿದ ಕೂಡಲೇ ಬತ್ತಿದ ಕೆರೆಯ ಹಾಗೆ ಬಿರುಕು, ಬೆರಳು ಸವರಿದರೆ ಕಪ್ಪು ಕೈಗೆ ಬರುತ್ತದೆ. 25 ಚದರ ಸೆಂಮೀ ಸೆಲ್‌ನಲ್ಲಿ 0.6 ವೋಲ್ಟಿಗೆ 22 ಆಂಪಿಯರ್ ಬರುತ್ತಿದ್ದದ್ದು ಈಗ 16 ದಾಟುತ್ತಿಲ್ಲ. ಸಾಹೇಬರು ಪೇಪರ್ ಸರಿ ಇಲ್ಲ ಅನ್ನುತ್ತಾರೆ. ನನಗೆ ಮಳೆಯ ಮೇಲೇ ಅನುಮಾನ. ಗೊತ್ತಿದ್ದವರು ದಯವಿಟ್ಟು ಹೇಳಿ, ಪ್ಲಾಟಿನಂ ಕಸದ ಬುಟ್ಟಿಗೆ ಹೋಗುವುದನ್ನು ನೋಡಲಾಗುತ್ತಿಲ್ಲ.

ಪುಣೆ ಪಾಷಾಣ್‌ನ ಅಕ್ಕ:

ಮಳೆಯ ಪಾತ್ರ ಇದೆ ತಮ್ಮಾ. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗಲೂ ಇಂಕಿನ ಐಪಿಎ ಬೇಗ ಹಾರಿಹೋಗುತ್ತದೆ, ನೀರು ಮಾತ್ರ ಕೂತೇ ಇರುತ್ತದೆ. ಕೊನೆಗೆ ಪದರದ ಸಂದುಗಳಲ್ಲಿ ಉಳಿಯುವುದು ಹೆಚ್ಚುಕಡಿಮೆ ನೀರೇ. ನೀರಿನ ಮೇಲ್ಮೈ ಎಳೆತ ಐಪಿಎಗಿಂತ ಮೂರು ಪಟ್ಟು ಜಾಸ್ತಿ, ಅದು ಒಣಗುವಾಗ ಕಾರ್ಬನ್ ಕಣಗಳನ್ನು ಒಂದರ ಕಡೆಗೆ ಒಂದನ್ನು ಎಳೆಯುತ್ತದೆ, ಪದರ ತಾಳಲಾರದೆ ಸೀಳುತ್ತದೆ. ಕೋಟಿಂಗ್ ರೂಮಿಗೆ ಎಸಿ ಅಥವಾ ಡಿಹ್ಯುಮಿಡಿಫೈಯರ್ ಹಾಕಿಸಿ. ಐಪಿಎ ಬದಲು ಎನ್-ಪ್ರೊಪನಾಲ್ ಅನ್ನುವ ಆಲ್ಕೋಹಾಲ್ ಬಳಸಿ ನೋಡಿ, ಅದು ಕುದಿಯುವುದು 97 ಡಿಗ್ರಿಗೆ, ನೀರನ್ನು ಹಿಂದೆ ಬಿಟ್ಟು ಅಷ್ಟು ಬೇಗ ಓಡುವುದಿಲ್ಲ.

ಇನ್ನೊಂದು. ಏನೂ ಬಳಿಯದ ಖಾಲಿ ಪೇಪರನ್ನು ಮೊದಲು ಲೆನ್ಸ್ ಕೆಳಗೆ ಇಟ್ಟು ನೋಡಿದ್ದೀರಾ? ಕೆಲವು ಪೇಪರ್‌ಗಳ ಎಂಪಿಎಲ್ (ಮೇಲಿನ ಸೂಕ್ಷ್ಮ ರಂಧ್ರಗಳ ಕಾರ್ಬನ್) ಪದರದಲ್ಲೇ ಹುಟ್ಟಿನಿಂದ ಬಿರುಕು ಇರುತ್ತದೆ. ಅದನ್ನು ನಿಮ್ಮ ತಪ್ಪು ಅಂದುಕೊಂಡು ತಿಂಗಳುಗಟ್ಟಲೆ ಒದ್ದಾಡಿದವರನ್ನು ಕಂಡಿದ್ದೇನೆ.

ಚಿಂಚವಾಡ ಕೋಟಿಂಗ್:

ನಾನು ಪೇಂಟ್ ಮತ್ತು ಕೋಟಿಂಗ್ ಕೆಲಸದಲ್ಲೇ ತಲೆ ನರೆಸಿಕೊಂಡವನು, ಫ್ಯೂಯಲ್ ಸೆಲ್ ಮಾಡಿದ್ದು ನಾಲ್ಕೇ ವರ್ಷ. ನೆಲ ಸಾರಿಸುವುದನ್ನು ನೋಡಿದ್ದೀಯಲ್ಲಪ್ಪಾ, ಒಂದೇ ಸಲ ದಪ್ಪಗೆ ಮೆತ್ತಿದರೆ ಬಿರಿಯದೆ ಇರುತ್ತದಾ? ತೆಳ್ಳಗೆ ಒಂದು ಸಲ, ಆರಿದ ಮೇಲೆ ಇನ್ನೊಂದು ಸಲ. ಬ್ಲೇಡ್ ಗ್ಯಾಪ್ 200 ಮೈಕ್ರಾನ್ ಇಟ್ಟಿದ್ದರೆ 100ಕ್ಕೆ ಇಳಿಸು, ಎರಡು ಸಲ ಎಳಿ. ಬಳಿದ ಕೂಡಲೇ ಓವನ್‌ಗೆ ತಳ್ಳಬೇಡ, ಹಾಟ್‌ಪ್ಲೇಟ್ ಮೇಲೆ 40 ಡಿಗ್ರಿಯಲ್ಲಿ ಹೊಳಪು ಹೋಗುವ ತನಕ ಇಡು, ಆಮೇಲೆ ಓವನ್.

ಕೇಳದೆ ಇದ್ದರೂ ಇದನ್ನು ಹೇಳಲೇಬೇಕು. ಒಣ ಪುಡಿಗೆ ಮೊದಲು ನೀರು, ಪೂರ್ತಿ ನೆನೆದ ಮೇಲೆ ಆಲ್ಕೋಹಾಲ್. ಹಿಂದೆ ನಾನಿದ್ದ ಜಾಗದಲ್ಲಿ ಹೊಸ ಹುಡುಗನೊಬ್ಬ ಒಣ ಪುಡಿಯ ಮೇಲೆ ಐಪಿಎ ಸುರಿದ. ಬೀಕರಿನ ಅಂಚಿನಲ್ಲಿ ಊದುಬತ್ತಿಯ ತುದಿಯಂತೆ ಕೆಂಪು ಚುಕ್ಕಿ ಕಾಣಿಸಿತು, ಅಷ್ಟರಲ್ಲಿ ಭಗ್ ಅಂತ ಹತ್ತಿಕೊಂಡಿತು. ಕೈ ಸುಟ್ಟುಕೊಂಡ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅದು ನನಗೆ ಇವತ್ತಿಗೂ ಬೇಜಾರು. ಪ್ಲಾಟಿನಂ ಇದ್ದರೆ ಬೆಂಕಿಕಡ್ಡಿ ಬೇಕಾಗಿಲ್ಲ.

ಕೆರೆದು ತೆಗೆದ ಪುಡಿ, ಒರೆಸಿದ ಟಿಶ್ಯೂ, ಕೆಟ್ಟ ಎಲೆಕ್ಟ್ರೋಡ್ ಯಾವುದನ್ನೂ ಬಿಸಾಡಬೇಡ. ಡಬ್ಬಿಯಲ್ಲಿ ಕೂಡಿಹಾಕು, ರಿಫೈನರಿಗೆ ಕೊಟ್ಟರೆ ದುಡ್ಡು ವಾಪಸ್ ಬರುತ್ತದೆ.

ಭೋಸರಿ ಹುಡುಗ:

ಅಕ್ಕಾ, ಸರ್, ತುಂಬಾ ಥ್ಯಾಂಕ್ಸ್. ಖಾಲಿ ಪೇಪರ್ ನೋಡಿದೆ, ಸಣ್ಣ ಬಿರುಕು ಅದರಲ್ಲೂ ಇದೆ, ಆದರೆ ಇಷ್ಟಿಲ್ಲ. ಎರಡು ಸಲ ಬಳಿದು ನೋಡಿದೆ, ಸ್ವಲ್ಪ ಕಡಿಮೆಯಾಯಿತು. ಪುಡಿ ಉದುರುವುದು ಮಾತ್ರ ನಿಂತಿಲ್ಲ. ಒಂದು ಮಾತು ಬಿಟ್ಟಿದ್ದೆ, ಮುಖ್ಯ ಅನಿಸಿರಲಿಲ್ಲ. ಜೂನ್‌ನಲ್ಲಿ 40% ಪ್ಲಾಟಿನಂ ಪುಡಿ ಸಿಗದೆ 20%ದ್ದು ತರಿಸಿದರು. ಲೋಡಿಂಗ್ ಅದೇ, ಚದರ ಸೆಂಮೀಗೆ 0.4 ಮಿಗ್ರಾಂ ಪ್ಲಾಟಿನಂ. ಪುಡಿ ಎರಡರಷ್ಟು ಹಾಕುತ್ತೇನೆ, ನಾಫಿಯಾನ್ ಮೊದಲಿನಷ್ಟೇ, ಸೆಲ್‌ಗೆ 5% ದ್ರಾವಣ 240 ಮಿಗ್ರಾಂ.

ಪುಣೆ ಪಾಷಾಣ್‌ನ ಅಕ್ಕ:

ಅಯ್ಯೋ, ಸಿಕ್ಕಿತು ನೋಡಿ! ಪೆನ್ನು ತಗೊಳ್ಳಿ, ಲೆಕ್ಕ ಮಾಡೋಣ.

25 ಚದರ ಸೆಂಮೀಗೆ 10 ಮಿಗ್ರಾಂ ಪ್ಲಾಟಿನಂ ಬೇಕು. 40%ದ್ದಾದರೆ ಪುಡಿ 25 ಮಿಗ್ರಾಂ, ಅದರಲ್ಲಿ ಕಾರ್ಬನ್ 15. ನಿಮ್ಮ 240 ಮಿಗ್ರಾಂ ದ್ರಾವಣದಲ್ಲಿ ನಿಜವಾದ ನಾಫಿಯಾನ್ 12, ಅಂದರೆ ಕಾರ್ಬನ್‌ಗೆ ಹೋಲಿಸಿದರೆ 0.8, ಒಳ್ಳೆಯ ಪ್ರಮಾಣ. ಈಗ 20%ದ್ದರಲ್ಲಿ ಪುಡಿ 50, ಕಾರ್ಬನ್ 40! ನಾಫಿಯಾನ್ ಮಾತ್ರ ಅದೇ 12. ಪ್ರಮಾಣ 0.3ಕ್ಕೆ ಬಿತ್ತು. ಕಣಗಳನ್ನು ಹಿಡಿದಿಡುವ ಅಂಟೂ ಅದೇ, ಪ್ರೋಟಾನ್ ಹೋಗುವ ದಾರಿಯೂ ಅದೇ. ಅಂಟು ಸಾಲದೆ ಪುಡಿ ಉದುರುತ್ತಿದೆ, ದಾರಿ ಸಾಲದೆ ಆಂಪಿಯರ್ ಬಿದ್ದಿದೆ. ಮೇಲಿಂದ ಪದರವೂ ಎರಡೂವರೆ ಪಟ್ಟು ದಪ್ಪ, ಅದಕ್ಕೇ ಇಷ್ಟು ಬಿರುಕು. ಮಳೆ ಅದನ್ನು ಇನ್ನಷ್ಟು ಕೆಡಿಸಿತು ಅಷ್ಟೇ, ನಿಮ್ಮ ಪೇಪರಿನದೇನೂ ತಪ್ಪಿಲ್ಲ.

ನಾಫಿಯಾನ್ ಸುಮ್ನೆ 640 ಮಿಗ್ರಾಂಗೆ ಏರಿಸಿದರೆ ಅಂಟು ಸರಿಹೋಗುತ್ತದೆ, ಆದರೆ ದಪ್ಪ ಹಾಗೇ ಇರುತ್ತದೆ, ಆಕ್ಸಿಜನ್ ಒಳಗೆ ತಲುಪಲು ಕಷ್ಟ. ನಾನಾದರೆ 40% ಬರುವ ತನಕ ಲೋಡಿಂಗನ್ನೇ 0.2ಕ್ಕೆ ಇಳಿಸುತ್ತೇನೆ. ಪುಡಿ 25, ಕಾರ್ಬನ್ 20, 5% ದ್ರಾವಣ 320 ಮಿಗ್ರಾಂ. ಪ್ಲಾಟಿನಂ ಅರ್ಧವಾದರೂ ಕಡಿಮೆ ಕರೆಂಟಿನಲ್ಲಿ ವೋಲ್ಟೇಜ್ ಬೀಳುವುದು ಸುಮಾರು 20 ಮಿಲಿವೋಲ್ಟ್ ಮಾತ್ರ. ಸಾಹೇಬರಿಗೆ ಈ ಲೆಕ್ಕವನ್ನೇ ಬರೆದು ತೋರಿಸಿ.

ಭೋಸರಿ ಹುಡುಗ:

ನಾಲ್ಕು ದಿನದ ಮೇಲೆ ಬರೆಯುತ್ತಿದ್ದೇನೆ. 0.2 ಲೋಡಿಂಗ್, 320 ಮಿಗ್ರಾಂ ದ್ರಾವಣ, ತೆಳ್ಳಗೆ ಎರಡು ಸಲ, ಮೊದಲು ಹಾಟ್‌ಪ್ಲೇಟ್. ಬೆರಳು ಸವರಿದೆ, ಕಪ್ಪು ಬರಲಿಲ್ಲ. ಬಿರುಕು ಪೇಪರಿನದ್ದಷ್ಟೇ ಕಾಣುತ್ತಿದೆ. 0.6 ವೋಲ್ಟಿಗೆ 20 ಆಂಪಿಯರ್ ಬಂತು, ಅದೂ ಅರ್ಧ ಪ್ಲಾಟಿನಂನಲ್ಲಿ! ಸಾಹೇಬರು ಲೆಕ್ಕದ ಹಾಳೆಯನ್ನು ಕೋಟಿಂಗ್ ಟೇಬಲ್ ಮುಂದಿನ ಗೋಡೆಗೆ ಅಂಟಿಸಿದ್ದಾರೆ. ಅದರ ಕೆಳಗೆ "ಮೊದಲು ನೀರು" ಅಂತ ನಾನೇ ಕನ್ನಡದಲ್ಲೂ ಮರಾಠಿಯಲ್ಲೂ ಬರೆದೆ. ಕೆಟ್ಟ ಎಲೆಕ್ಟ್ರೋಡ್ ಡಬ್ಬಿಯೂ ಶುರುವಾಗಿದೆ ಸರ್.