ಸಹಾಯ ಬೇಕು: ಟ್ರಾನ್ಸ್‌ಮಿಟರ್ ಜೊತೆಗೆ ಯಾವ ಗೇಜ್ ಹಾಕಲಿ?

ಎಲ್ಲರಿಗೂ ನಮಸ್ಕಾರ. ಮಳೆಗಾಲ ಮುಗಿದ ಮೇಲೆ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ಶುರುವಾಗುತ್ತದೆ. ಅಷ್ಟರಲ್ಲಿ ನನ್ನ ರೆಗ್ಯುಲೇಟರ್ ಸೆಟ್ (ಸಿಲಿಂಡರ್ ಗಾಳಿಯನ್ನು ಉಸಿರಾಡಲು ಕೊಡುವ ಸಾಧನ) ಸರಿ ಮಾಡಿಕೊಳ್ಳಬೇಕು.

ನನ್ನದು ಕೈಗೆ ಕಟ್ಟುವ ಡೈವ್ ಕಂಪ್ಯೂಟರ್. ಸಿಲಿಂಡರ್ ಒತ್ತಡ, ರೆಗ್ಯುಲೇಟರ್‌ಗೆ ಸಿಕ್ಕಿಸಿದ ವೈರ್‌ಲೆಸ್ ಟ್ರಾನ್ಸ್‌ಮಿಟರ್ ಮೂಲಕ ಅದರಲ್ಲೇ ಕಾಣುತ್ತದೆ. ಕಳೆದ ಸೀಸನ್‌ನಲ್ಲಿ ಒಮ್ಮೆ ನೀರಿನಡಿ ಸಿಗ್ನಲ್ ಹೋಯಿತು, ಮತ್ತೆ ಬರಲೇ ಇಲ್ಲ. ಜೊತೆಗಾರನಿಗೆ ಸನ್ನೆ ಮಾಡಿ ಇಬ್ಬರೂ ಮೇಲೆ ಬಂದೆವು. 200 ಬಾರ್ ಒತ್ತಡದ ಗಾಳಿಯಲ್ಲಿ ಎಷ್ಟು ಉಳಿದಿದೆ ಅಂತ ಗೊತ್ತಿಲ್ಲದೆ ಕೆಳಗೆ ಇರೋದು ಸರಿಯಲ್ಲ, ಅಲ್ವಾ?

ಫಸ್ಟ್ ಸ್ಟೇಜ್‌ನಲ್ಲಿ (ರೆಗ್ಯುಲೇಟರ್‌ನ ಸಿಲಿಂಡರ್‌ಗೆ ಕೂರುವ ಭಾಗ) ಇನ್ನೊಂದು ಹೈ ಪ್ರೆಶರ್ ಪೋರ್ಟ್ ಖಾಲಿ ಇದೆ. ಅಲ್ಲಿಗೆ ಹೋಸ್ ಇರುವ, ಒತ್ತಡ ತೋರಿಸುವ ಮುಳ್ಳಿನ ಗೇಜ್ ಹಾಕುವ ಆಸೆ. ಹೋಸ್ ಜಾಸ್ತಿಯಾದರೆ ಸೋರುವ ಜಾಗವೂ ಜಾಸ್ತಿ ಅಂತ ಕೆಲವರು ಬೇಡ ಅನ್ನುತ್ತಾರೆ. ಗೇಜ್ ಸೇರುವ ಕಡೆ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಉಂಗುರ) ಸವೆಯುವುದು ನಿಜ. ಆದರೆ ಆ ಹೋಸ್‌ಗೆ ಗಾಳಿ ಬರುವ ತೂತು ತೀರಾ ಚಿಕ್ಕದು. ಹೋಸ್ ಒಡೆದರೂ ಸಿಲಿಂಡರ್ ಒಮ್ಮೆಲೇ ಖಾಲಿಯಾಗಲ್ಲ, ಮೇಲೆ ಬರಲು ಸಮಯ ಸಿಗುತ್ತದೆ. ಹಾಗಾಗಿ ಗೇಜ್ ಇರಲಿ ಅನ್ನೋದೇ ನನ್ನ ಮನಸ್ಸು. ಹೋಸ್ ಇಲ್ಲದ ಪುಟ್ಟ ಬಟನ್ ಗೇಜ್ ಬೇಡ. ಅದು ನೇರ ಫಸ್ಟ್ ಸ್ಟೇಜ್‌ಗೇ ಕೂತು ತಲೆಯ ಹಿಂದೆ ಇರುತ್ತದೆ, ನೀರಿನಲ್ಲಿ ನಮಗೇ ಕಾಣಲ್ಲ.

ಟ್ರಾನ್ಸ್‌ಮಿಟರ್ ಮತ್ತು ಗೇಜ್ ಎರಡನ್ನೂ ಬಳಸುವವರು ದಯವಿಟ್ಟು ಹೇಳಿ. ಎಡ ಸೊಂಟದ ಡಿ-ರಿಂಗ್‌ಗೆ ಸಿಕ್ಕಿಸಲು 60 ಸೆಂಟಿಮೀಟರ್ ಹೋಸ್ ಸಾಕಾ? ರಬ್ಬರ್ ಕವಚ ಇಲ್ಲದ ಹಿತ್ತಾಳೆ ಗೇಜ್ ನಮ್ಮ ಉಪ್ಪುನೀರಿಗೆ ಬಾಳಿಕೆ ಬರುತ್ತಾ? ಬೆಂಗಳೂರಿನಲ್ಲಿ ಇದನ್ನು ಕೂರಿಸಿ, ಸೋರಿಕೆ ನೋಡಿ ಕೊಡುವವರು ಗೊತ್ತಿದ್ದರೆ ಅದನ್ನೂ ತಿಳಿಸಿ.